ಹಿಡಿದವನ ಹೆಸರು

ಮಾಲೂರಿನಲ್ಲಿ ರೈಲಿಳಿದಾಗ ಬೆಳಗಿನ ಏಳೂವರೆ. ಜನವರಿಯ ಮಂಜು ಹಳಿಗಳ ಮೇಲಿಂದ ಇನ್ನೂ ಎದ್ದಿರಲಿಲ್ಲ. ನಿಲ್ದಾಣದ ಹೊರಗೆ ಅವರೆಕಾಯಿ ಮೂಟೆ ಬಿಚ್ಚಿ ಸುರಿಯುತ್ತಿದ್ದರು. ಸೊಗಡು ಎಂದರೇನು ಎಂದು ತಿಳಿಯಬೇಕಾದವರು ಆ ಹೊತ್ತಿನಲ್ಲಿ, ಆ ಮಂಜಿನಲ್ಲಿ ಅಲ್ಲಿ ನಿಂತು ಉಸಿರೆಳೆಯಬೇಕು. ಮಾಸ್ತಿಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಮುಂದಿನ ಸೀಟಿನ ಅಜ್ಜಿ ಕಂಡಕ್ಟರಿಗೆ ತೆಲುಗಿನಲ್ಲಿ ಊರು ಹೇಳಿ ಟಿಕೆಟ್ ಕೊಂಡು, ಪಕ್ಕದವಳಿಗೆ ಕನ್ನಡದಲ್ಲಿ ಸೊಸೆಯ ಸುದ್ದಿ ಒಪ್ಪಿಸಿ, ನಡುವೆ ಬಂದ ಫೋನಿಗೆ ತಮಿಳಿನಲ್ಲಿ ಗದರಿದಳು. ಇದು ಗಡಿಸೀಮೆ. ಇಲ್ಲಿ ಮೂರು ನುಡಿಗೂ ಒಂದೇ ನಾಲಿಗೆ. ಹೆಂಚಿನ ಕಾರ್ಖಾನೆಗಳ ಚಿಮಣಿ ಹಿಂದೆ ಸರಿದವು, ನೀಲಗಿರಿ ತೋಪು ಬಂದವು, ಕೊಯ್ದ ರಾಗಿ ಹೊಲಗಳ ನಡುವೆ ಮೆದೆಗಳು ಮಂಜು ಹೊದ್ದು ಮಲಗಿದ ದನಗಳಂತೆ ಕಂಡವು.

ನಾನು ಹೊರಟದ್ದು ಎರಡು ಕಾರಣಕ್ಕೆ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಯನ್ನು ಒಮ್ಮೆ ನೋಡಬೇಕು ಎಂಬುದು ಹಳೆಯ ಆಸೆ. ಇನ್ನೊಂದು, ಮಾಸ್ತಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಆ ರಾತ್ರಿ ನಡೆಯಲಿದ್ದ ಹೊನಲು ಬೆಳಕಿನ ಕಬಡ್ಡಿ. ಕರೆದವರು ಆ ಊರಿನ ಹಳೆಯ ಆಟಗಾರರೊಬ್ಬರು. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಂಡಿ ತೋರಿಸಲು ಸಾಲಿನಲ್ಲಿ ಕೂತಾಗ ಪರಿಚಯ. 42ರ ವಯಸ್ಸು. ಹುಡುಗರು ಅವರನ್ನು ಕರೆಯುವುದು ಕಾರ್ನರಣ್ಣ ಎಂದು. ಹದಿಮೂರು ವರ್ಷ ಎಡ ಕಾರ್ನರಿನಲ್ಲಿ ನಿಂತು ಆಡಿದವರು. ನಿಜವಾದ ಹೆಸರು ಬರೆಯಬೇಡಿ ಎಂದರು. ಬರೆಯುವುದಿಲ್ಲ.

ಅವರನ್ನು ನೆನೆದಾಗಲೆಲ್ಲ ನನಗೆ ಇನ್ನೊಂದು ಊರು ನೆನಪಾಗುತ್ತದೆ. ಮಗಳು ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿದ್ದಾಗ ಹೋಗಿದ್ದೆ. ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆ ಕಾರಿನಲ್ಲಿ ಹೋದರೆ ಟೆ ಕುಯಿಟಿ. ಕುರಿ ಉಣ್ಣೆ ಕತ್ತರಿಸುವವರ ಊರು. ಸುತ್ತ ಹಸಿರು ಗುಡ್ಡ, ನಡುವೆ ಒಂದೇ ದೊಡ್ಡ ಬೀದಿ. ಆ ಬೀದಿಯಲ್ಲಿ ಕಾಲಿನ್ ಮೀಡ್ಸ್ ಎಂಬ ರಗ್ಬಿ ಆಟಗಾರನ ಕಂಚಿನ ಪ್ರತಿಮೆ ಇದೆ. ಕೈಯಲ್ಲಿ ಚೆಂಡು, ಮುಂದಕ್ಕೆ ನುಗ್ಗಿದ ಎದೆ. 2017ರ ಜೂನ್‌ನಲ್ಲಿ ಅದರ ಅನಾವರಣವಾದಾಗ ಕಾಯಿಲೆಯಿಂದ ಸೊರಗಿದ್ದ ಮೀಡ್ಸ್ ತಾವೇ ಬಂದಿದ್ದರು, ಆಗಸ್ಟ್‌ನಲ್ಲಿ ತೀರಿಕೊಂಡರು. 1957ರಿಂದ 1971ರವರೆಗೆ ದೇಶಕ್ಕಾಗಿ 133 ಪಂದ್ಯ ಆಡಿದವರು, ಅದರಲ್ಲಿ 55 ಟೆಸ್ಟ್. ಹೊಟ್ಟೆಪಾಡಿಗೆ ರೈತರು. ಎರಡು ಕಂಕುಳಲ್ಲಿ ಎರಡು ಕುರಿ ಇರುಕಿಕೊಂಡು ಗುಡ್ಡ ಹತ್ತುವ ಅವರ ಚಿತ್ರ ಆ ದೇಶದ ಮನೆಮನೆಯ ಮಾತು. 1970ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕೈಮೂಳೆ ಮುರಿದರೂ ಆ ಪಂದ್ಯ ಮುಗಿಯುವವರೆಗೆ ಅಂಗಳ ಬಿಡಲಿಲ್ಲ. ಅಷ್ಟೆಲ್ಲ ಆಡಿದ್ದಕ್ಕೆ ಅವರಿಗೆ ಸಂಬಳ ಇರಲಿಲ್ಲ. ಆಗ ಆ ಆಟಕ್ಕೆ ಹಣ ಪಡೆಯುವುದೇ ನಿಷಿದ್ಧ. 1995ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ರಗ್ಬಿ ಮಂಡಳಿ ಆ ನಿಯಮ ತೆಗೆದ ಮೇಲೆಯೇ ಅದು ವೃತ್ತಿಯಾದದ್ದು.

ರಗ್ಬಿ ನೋಡದವರಿಗಾಗಿ ಒಂದಿಷ್ಟು ಹೇಳಬೇಕು. ತಂಡದಲ್ಲಿ 15 ಮಂದಿ. ಚೆಂಡು ಹಿಡಿದು ಓಡಿ ಗೆರೆ ದಾಟಿ, ಚಪ್ಪಾಳೆ ಗಿಟ್ಟಿಸುವವರು ಹೆಚ್ಚಾಗಿ ಹಿಂದಿನ 7 ಮಂದಿ. ಮುಂದಿನ 8 ಮಂದಿಗೆ ಫಾರ್ವರ್ಡ್‌ಗಳು ಎನ್ನುತ್ತಾರೆ. ಆ ಚೆಂಡನ್ನು ಗೆದ್ದುಕೊಡುವುದು ಇವರ ಕೆಲಸ. ಸ್ಕ್ರಮ್ ಎಂಬ ಸಂದರ್ಭ ಬಂದಾಗ ಎಂಟೂ ಮಂದಿ ಮೂರು ಸಾಲಾಗಿ ತೋಳಿಗೆ ತೋಳು ಹೆಣೆದು, ಬಗ್ಗಿ, ಎದುರಿನ ಎಂಟು ಮಂದಿಯ ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾರೆ. ದೊಡ್ಡ ತಂಡಗಳಲ್ಲಿ ಒಂದು ಕಡೆಯವರ ತೂಕವೇ 900 ಕಿಲೋ ಆಸುಪಾಸು. ಆ ಭಾರ ಮೊದಲ ಸಾಲಿನ ಮೂವರ ಕುತ್ತಿಗೆಗೆ ಬರುತ್ತದೆ. ನಮ್ಮ ತೇರಿನ ದಿನ ಹಗ್ಗ ಹಿಡಿದವರು ಎಲ್ಲರಿಗೂ ಕಾಣುತ್ತಾರೆ. ಗಾಲಿಯ ಹಿಂದೆ ಸನ್ನೆಗೋಲು ಹಾಕಿ ಹೆಗಲು ಕೊಡುವವರು ಕಾಣುವುದಿಲ್ಲ. ಫಾರ್ವರ್ಡ್ ಎಂದರೆ ಆ ಸನ್ನೆಗೋಲಿನವರು. ಮೀಡ್ಸ್ ಅಂಥವರಲ್ಲೊಬ್ಬರು, ಎರಡನೇ ಸಾಲಿನವರು. ಸನ್ನೆಗೋಲಿನವನಿಗೆ ಪ್ರತಿಮೆ ನಿಲ್ಲಿಸಿದ ಊರು ಎಂದೇ ಟೆ ಕುಯಿಟಿಯ ಮೇಲೆ ನನಗೆ ಗೌರವ.

ಸಂಬಳ ಬಂದ ಮೇಲೆ ಆ ಬದುಕು ಹಗುರವಾಯಿತೇ ಎಂದರೆ ಹೌದೆನ್ನಲು ಬಾಯಿ ಬರುವುದಿಲ್ಲ. ಸ್ಟೀವ್ ಥಾಂಪ್ಸನ್ 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಮೊದಲ ಸಾಲಿನ ನಡುವೆ ನಿಲ್ಲುತ್ತಿದ್ದವರು. ತಮಗೆ ಮರೆವಿನ ಕಾಯಿಲೆ ಹತ್ತಿದೆ, ಆ ಕಪ್ ಗೆದ್ದದ್ದೇ ನೆನಪಿಲ್ಲ ಎಂದು 2020ರ ಡಿಸೆಂಬರ್‌ನಲ್ಲಿ ಹೇಳಿದರು. ಆಗ ಅವರಿಗೆ 42 ವರ್ಷ, ಈಗ ಕಾರ್ನರಣ್ಣನಿಗಿರುವಷ್ಟೇ. ಆ ಸುದ್ದಿ ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಪ್ರಪಂಚವೆಲ್ಲ ನೋಡಿದ ಗೆಲುವು ಗೆದ್ದವನ ತಲೆಯೊಳಗೇ ಇಲ್ಲ.

ಬ್ರಿಟಿಷರ ಈ ಆಟ ನಮ್ಮ ದೇಶಕ್ಕೆ ಹೊಸತೇನಲ್ಲ. 1878ರಲ್ಲಿ ಕಲ್ಕತ್ತಾದ ರಗ್ಬಿ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು ಕರಗಿಸಿ ಒಂದು ಕಪ್ ಮಾಡಿಸಿದರು. ಹಾವಿನ ಹಿಡಿಗಳು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಆ ಕಲ್ಕತ್ತಾ ಕಪ್‌ಗಾಗಿಯೇ ಹೋರಾಡುತ್ತವೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಆದರೆ ಅದು ಏಳೇ ಮಂದಿಯ ವೇಗದ ಆಟ. ಕೋಲಾರ ಸೀಮೆಯ ಹುಡುಗನಿಗೆ ರಗ್ಬಿ ದೂರ. ಅವನ ಮೈಗೆ, ಅವನ ಮಣ್ಣಿಗೆ ಒಗ್ಗಿದ ಆಟ ಕಬಡ್ಡಿ. ಅಲ್ಲಿನ ಫಾರ್ವರ್ಡ್ ಯಾರು ಎಂದು ಕೇಳಿದರೆ ನಾನು ಕಾರ್ನರಣ್ಣನನ್ನು ತೋರಿಸುತ್ತೇನೆ.

ಮಾಸ್ತಿಯಲ್ಲಿ ಇಳಿದು ಮೊದಲು ಅಯ್ಯಂಗಾರರ ಮನೆಗೆ ಹೋದೆ. ಈಗ ಅದು ಗ್ರಂಥಾಲಯ. ಮಾಸ್ತಿ ಕನ್ನಡದ ಆಸ್ತಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಆದರೆ ಆ ಮನೆಯ ತಂಪಿನಲ್ಲಿ ನಿಂತಾಗ ನನ್ನ ಮನಸ್ಸು ಹೋದದ್ದು ಅವರ ಕಥೆಗಳ ಕಡೆಗಲ್ಲ, ಅವರ ನೌಕರಿಯ ಕಡೆಗೆ. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಯವರೆಗೆ ಏರಿ, ತಮಗೆ ನ್ಯಾಯವಾಗಿ ಬರಬೇಕಾದ್ದು ಬರದೆ ಹೋದಾಗ 1943ರಲ್ಲಿ ಬಿಟ್ಟು ಬಂದರು. ಮರುವರ್ಷದಿಂದ ‘ಜೀವನ’ ಪತ್ರಿಕೆ ಕೈಗೆತ್ತಿಕೊಂಡರು. 1956ರಲ್ಲಿ ‘ಚಿಕವೀರ ರಾಜೇಂದ್ರ’ ಬಂತು, 1983ರಲ್ಲಿ ಅದಕ್ಕೆ ಜ್ಞಾನಪೀಠ. ಕೆಲಸ ಬಿಟ್ಟ ಮೇಲೆ 43 ವರ್ಷ ಬದುಕಿದರು, ಬರೆದರು. ಬರೆಯುವವನ ಕಸುಬು ಹಾಗೆ, ವಯಸ್ಸಾದಂತೆ ಮಾಗುತ್ತದೆ. ಮೈಯನ್ನೇ ಬಂಡವಾಳ ಮಾಡಿಕೊಂಡವನದು ಹಾಗಲ್ಲ. ಅವನ ಕಸುಬಿಗೆ ಮೂವತ್ತೆರಡಕ್ಕೆ ಸಂಜೆಯಾಗುತ್ತದೆ, ಆಮೇಲಿನ ನಲವತ್ತು ವರ್ಷವನ್ನು ಅವನು ಎಲ್ಲಿಂದಲೋ ಹುಡುಕಿ ತರಬೇಕು.

ಮಧ್ಯಾಹ್ನಕ್ಕೆ ಕಾರ್ನರಣ್ಣ ಬೈಕಿನಲ್ಲಿ ಬಂದು ಕರೆದುಕೊಂಡು ಹೋದರು. ಎಡಗಾಲು ಬೀಸಿ ಹತ್ತುವಾಗ ಒಂದು ಗಳಿಗೆ ತಡೆದು, ಮಂಡಿಯನ್ನು ಕೈಯಿಂದಲೇ ಎತ್ತಿ ಇಟ್ಟರು. ಮನೆಯಲ್ಲಿ ಮೂರು ಸೀಮೆಹಸು, ಹಿತ್ತಿಲಿಗೆ ಹೊಂದಿಕೊಂಡ ಒಂದೂವರೆ ಎಕರೆ. ಅವರ ಹೆಂಡತಿ ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿದರು. “ಇನ್ನೊಂದು ಅರ್ಧ ಮುದ್ದೆ ಹಾಕುಸ್ಕೊಳ್ಳಿ ಅಣ್ಣಾ, ರಾತ್ರಿ ಪೂರಾ ನಿದ್ದೆಗೆಡಬೇಕಲ್ಲ” ಎಂದು ಬಲವಂತ ಮಾಡಿದರು.

ಊಟವಾದ ಮೇಲೆ ಜಗುಲಿಯಲ್ಲಿ ಕೂತು ನಾನು ಕೇಳಿದೆ: “ಹಿಡಿಯೋದು ಅಂದ್ರೆ ಏನು? ಟಿವಿಯಲ್ಲಿ ನೋಡಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಮುಗಿದುಹೋಗಿರುತ್ತೆ.”

ಅವರು ಎದ್ದು ನನ್ನನ್ನು ನಿಲ್ಲಿಸಿದರು. “ನೀವು ರೈಡರ್ ಸಾರ್. ಬನ್ನಿ. ನಂಗೆ ಕಾಲು ತೋರಿಸಿ.”

ನಾನು ಬಲಗಾಲನ್ನು ಒಂದಿಷ್ಟು ಮುಂದೆ ಚಾಚಿದೆ. ಅವರ ಕಣ್ಣು ನನ್ನ ಕಾಲಿನ ಮೇಲಿರಲಿಲ್ಲ, ಸೊಂಟದ ಮೇಲಿತ್ತು. ನಾನು ಕಾಲು ಹಿಂದಕ್ಕೆಳೆಯಬೇಕು ಎಂದುಕೊಂಡ ಕ್ಷಣಕ್ಕೇ ಅವರ ಎರಡು ಅಂಗೈ ಹಿಮ್ಮಡಿಯ ಮೇಲಿನ ನರದ ಸುತ್ತ ಕೂಡಿಕೊಂಡಿದ್ದವು, ಭುಜ ನನ್ನ ಮೊಣಕಾಲಿಗೆ ಒತ್ತಿತ್ತು. ಎಳೆಯಲಿಲ್ಲ, ಜಗ್ಗಲಿಲ್ಲ, ಬರೀ ಹಿಡಿದಿದ್ದರು. ಆ ಕಾಲು ನನ್ನದಲ್ಲ ಅನ್ನಿಸಿತು, ಕಂಬಕ್ಕೆ ಕಟ್ಟಿದಂತೆ. ಅವರ ಎಡಗೈ ಉಂಗುರದ ಬೆರಳು ಮಾತ್ರ ಮಡಚದೆ ನೇರ ನಿಂತಿತ್ತು. ಬಿಡಿಸಿಕೊಂಡು ನೋಡಿದರೆ ಅವರ ಮುಖದಲ್ಲಿ ಬೆವರು. ಬಗ್ಗಿದ್ದು ಮಂಡಿಗೆ ತಾಗಿತ್ತು.

“ಕಾಲು ಸುಳ್ಳು ಹೇಳುತ್ತೆ ಸಾರ್. ಸೊಂಟ ಹೇಳಲ್ಲ” ಎಂದರು. “ನಾನು ಕಾಲು ಹಿಡಿದ ಮೇಲೆ ನಂದು ಮುಗೀತು. ಆಮೇಲೆ ಕವರ್ ಬಂದು ಸೊಂಟಕ್ಕೆ ಬೀಳ್ಬೇಕು, ಆ ಕಡೆ ಕಾರ್ನರ್ ಬರ್ಬೇಕು. ಅವ್ರು ಅರ್ಧ ಸೆಕೆಂಡ್ ತಡ ಮಾಡಿದ್ರೆ ರೈಡರ್ ನನ್ನ ಮುಖದ ಮೇಲೇ ಒದ್ದು ಲೈನ್ ಮುಟ್ತಾನೆ. ಅವ್ನಿಗೆ ಪಾಯಿಂಟು, ನಂಗೆ ಹಲ್ಲು ಹೋಯ್ತು.”

ಕಬಡ್ಡಿಯಲ್ಲಿ ಅಂಗಳಕ್ಕೆ ಏಳು ಮಂದಿ. ದಾಳಿಗೆ ಬಂದವನು ರೈಡರ್, ಅವನಿಗೆ 30 ಸೆಕೆಂಡ್. ತುದಿಯಲ್ಲಿ ನಿಲ್ಲುವ ಇಬ್ಬರು ಕಾರ್ನರುಗಳು, ಅವರ ಒಳಗಡೆ ಕವರುಗಳು. ಬಹುಪಾಲು ರೈಡರುಗಳು ಬಲಗೈಯವರಾದ್ದರಿಂದ ಎದುರಾಳಿಯ ಎಡ ಕಾರ್ನರಿನ ಕಡೆಗೇ ನುಗ್ಗುತ್ತಾರೆ. ಅಲ್ಲಿ ನಿಂತವನು ಪ್ರತಿ ದಾಳಿಯಲ್ಲೂ ಬಾಗಿಲು ಕಾಯುವವನು. ಪಕ್ಕದವನ ಕೈ ಹಿಡಿದು ಚೈನ್ ಕಟ್ಟುತ್ತಾನೆ. ತೋಳು ಹೆಣೆದ ಆ ರಗ್ಬಿ ಸಾಲನ್ನು ಕಂಡಾಗ ನನಗೆ ನೆನಪಾದದ್ದು ಈ ಚೈನೇ. ಎರಡರಲ್ಲೂ ಒಬ್ಬನ ಕೈ ಸಡಿಲವಾದರೆ ಪಕ್ಕದವನ ಕುತ್ತಿಗೆಗೆ ಕುತ್ತು.

ಅವರ ಕಥೆ ದೊಡ್ಡದೇನಲ್ಲ, ಅವರೇ ಹೇಳಿದ ಹಾಗೆ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಗುರುತಿಸಿದರು. ಆಗೆಲ್ಲ ಮಣ್ಣಿನ ಅಂಕಣ, ಬರಿಗಾಲು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದ ಮೇಲೆ ಹಳ್ಳಿಯ ಹುಡುಗರಿಗೆ ಒಂದು ದಾರಿ ಕಂಡಿತ್ತು: ಚೆನ್ನಾಗಿ ಆಡಿದರೆ ಬ್ಯಾಂಕು, ರೈಲ್ವೆ, ಪೊಲೀಸು, ಕಾರ್ಖಾನೆ, ಎಲ್ಲಾದರೂ ಕ್ರೀಡಾ ಕೋಟಾದಲ್ಲಿ ಕೆಲಸ. ಕರ್ನಾಟಕದ ಬಿ. ಸಿ. ರಮೇಶ್ ಅರ್ಜುನ ಪ್ರಶಸ್ತಿಯವರೆಗೆ ಹೋದದ್ದು ಇವರು ಆಡತೊಡಗಿದ ಹೊತ್ತಿನಲ್ಲೇ. ಇವರನ್ನೂ ಬೆಂಗಳೂರಿನ ಒಂದು ಸಂಸ್ಥೆಯ ತಂಡ ತೆಗೆದುಕೊಂಡಿತು. ತಿಂಗಳಿಗೆ ಸ್ಟೈಪೆಂಡು, ಮೂರು ವರ್ಷ ಆಡಿದರೆ ಕಾಯಂ ಎಂಬ ಮಾತು. ಎರಡು ವರ್ಷ ಎಂಟು ತಿಂಗಳಿಗೆ ಮಂಡಿಯ ಲಿಗಮೆಂಟು ಹರಿಯಿತು. ಅಲ್ಲಿಗೆ ಸ್ಟೈಪೆಂಡು ನಿಂತಿತು. ಮಾತಿಗೆ ಕಾಗದ ಇರಲಿಲ್ಲ. ಆಪರೇಷನ್‌ಗೆ ಅಪ್ಪ ಎರಡು ಹಸು ಮಾರಿದರು. ಆಮೇಲೆಯೂ ಏಳು ವರ್ಷ ಮಂಡಿಗೆ ಪಟ್ಟಿ ಸುತ್ತಿಕೊಂಡು ಊರೂರಿನ ಟೂರ್ನಮೆಂಟ್ ಆಡಿದರು, ರಾತ್ರಿಗೆ ಇಷ್ಟು ಎಂದು.

2014ರ ಜುಲೈನಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಅವರಿಗೆ ಮೂವತ್ತು ದಾಟಿತ್ತು. ಡೇರಿಯ ಮುಂದೆ ಹಾಲಿನ ಕ್ಯಾನು ಇಳಿಸಿ ನಿಂತು ಮೊದಲ ಪಂದ್ಯ ನೋಡಿದರಂತೆ. ಆ ವರ್ಷದ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಪಡೆದ ರಾಕೇಶ್ ಕುಮಾರ್‌ಗೆ 12.8 ಲಕ್ಷ. ನಾಲ್ಕೇ ವರ್ಷದಲ್ಲಿ ಒಂದು ಕೋಟಿಯ ಗೆರೆ ದಾಟಿತು. ಮೊದಲು ದಾಟಿದವರು ಇರಾನಿನ ಫಜಲ್ ಅತ್ರಾಚಲಿ, ಎಡ ಕಾರ್ನರ್! ಇದನ್ನು ಹೇಳುವಾಗ ಕಾರ್ನರಣ್ಣನ ಕಣ್ಣು ತುಂಬಿ ಬಂದದ್ದು ಹೊಟ್ಟೆಕಿಚ್ಚಿನಿಂದಲ್ಲ. “ನಮ್ಮ ಜಾಗಕ್ಕೆ ಬೆಲೆ ಬಂತಲ್ಲ ಸಾರ್, ಅಷ್ಟು ಸಾಕಾಯ್ತು ಅವತ್ತು” ಎಂದರು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಊರೆಲ್ಲ ಪವನ್, ಪವನ್. ಇವರು ಮಾತ್ರ ಮರುದಿನ ಹುಡುಗರನ್ನು ಕೂರಿಸಿ, ಆ ಪಂದ್ಯದಲ್ಲಿ ಯಾರು ಯಾರನ್ನು ಹಿಡಿದರು ಎಂದು ಒಂದೊಂದೇ ಟ್ಯಾಕಲ್ ಕೇಳಿದರಂತೆ. ಯಾರಿಗೂ ಹೇಳಲಾಗಲಿಲ್ಲ.

ಸಂಜೆ ಹಾಲು ಕರೆಯುವ ಹೊತ್ತು. ಅವರು ಕ್ಯಾನು ತೊಳೆದಿಟ್ಟರು, ಹಸುಗಳಿಗೆ ಬೂಸಾ ಕಲಸಿದರು. ಕೆಚ್ಚಲ ಬಳಿ ಕುಕ್ಕರಗಾಲಲ್ಲಿ ಕೂತದ್ದು ಅವರ ಹೆಂಡತಿ. “ಮಂಡಿ ಹೋಗಿದ್ದು ಇವರ್ದು, ಕೂರೋದು ನಾನು. ಹದಿನೈದು ವರ್ಷ ಆಯ್ತು” ಎಂದು, ಕೈ ನಿಲ್ಲಿಸದೆ, ನನ್ನ ಕಡೆ ತಿರುಗದೆ ಹೇಳಿದರು. ತಂಬಿಗೆಯೊಳಗೆ ಹಾಲು ಬೀಳುವ ಸದ್ದು ಮೊದಲು ಟಣಟಣ ಎಂದು, ತುಂಬಿದಂತೆ ಮೆತ್ತಗಾಯಿತು.

ಹಾಲು ಹಾಕಿ ಬರುವಾಗ ಕೆರೆ ಏರಿಯ ಮೇಲೆ ಬೈಕು ನಿಲ್ಲಿಸಿದರು. ಹುಣಿಸೆ ಮರದ ಕೆಳಗೆ ಅರ್ಧ ಹೂತ ಒಂದು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದವರೆದುರು ಒಬ್ಬಂಟಿ; ನಡುವೆ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು; ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ಅಂಚಿನ ಅಕ್ಷರಗಳು ಸವೆದು ಬೆರಳಿಗಷ್ಟೇ ಸಿಗುತ್ತವೆ. ಕೋಲಾರ ಜಿಲ್ಲೆ ಇಂಥ ಕಲ್ಲುಗಳ ಗಣಿ. ಬಿ. ಎಲ್. ರೈಸ್ 1905ರಲ್ಲಿ ತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ ಪೂರ್ತಿ ಈ ಜಿಲ್ಲೆಯ ಶಾಸನಗಳೇ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಕಥೆ ತುರುಗೋಳು: ಯಾರೋ ದಾಳಿ ಮಾಡಿ ಊರ ದನ ಹೊಡೆದುಕೊಂಡು ಹೋಗುತ್ತಾರೆ, ಊರಿನವನೊಬ್ಬ ಅಡ್ಡ ನಿಂತು, ದನ ಬಿಡಿಸಿ, ಬೀಳುತ್ತಾನೆ. ಕಲ್ಲಿನ ಮೇಲೆ ಹೆಸರು ಇವನದು. ಇಂಥ ಊರಿನ, ಇಂಥವನ ಮಗ ಇಂಥವನು ಎಂದು. ಹೆಸರಿನ ಜೊತೆ ಹೊಟ್ಟೆಯ ಮಾತೂ ಇರುತ್ತದೆ. ಬಿದ್ದವನ ಮನೆಯವರಿಗೆ ಹೊಲ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಸಾವಿರ ವರ್ಷದ ಹಿಂದೆ ಈ ಸೀಮೆಯ ಊರುಗಳು ಅಡ್ಡ ನಿಂತವನ ಮನೆಯ ಹೊಣೆ ಹೊತ್ತು, ಕೊಟ್ಟ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿದ್ದವು. ಮಾತಿಗೆ ಕಾಗದ ಇರಲಿಲ್ಲ ಎಂದು ಕಾರ್ನರಣ್ಣ ಹೇಳಿದ್ದು ಆ ಕಲ್ಲಿನ ಮುಂದೆ ನಿಂತಾಗ ನನಗೆ ಎರಡು ಪಟ್ಟು ನೋವಾಗಿ ಕೇಳಿಸಿತು.

ಮಾಸ್ತಿ ಎಂಬ ಮಾತೂ ಕಲ್ಲಿನದೇ. ಮಹಾಸತಿ ಎನ್ನುವುದು ಸವೆದು ಮಾಸ್ತಿ. ಮಾಸ್ತಿಕಲ್ಲಿನ ಮೇಲೆ ಒಂದು ಕಂಬ, ಕಂಬದಿಂದ ಚಾಚಿದ ಒಂದು ತೋಳು, ತೋಳಿನ ತುಂಬ ಬಳೆ. ಗಂಡ ಬಿದ್ದಾಗ ಬೆಂಕಿಗೆ ಬಿದ್ದವಳ ಗುರುತು. ಎಷ್ಟು ಪೂಜೆ ಮಾಡಿದರೂ ನನಗೆ ಆ ತೋಳು ಕಂಡರೆ ಸಂಕಟವೇ ಆಗುತ್ತದೆ. ಸತ್ತವಳಿಗೆ ಕಲ್ಲು ನೆಟ್ಟೆವು. ಉಳಿದು, ಹೊಲ ಉತ್ತು, ಮಕ್ಕಳನ್ನು ಬೆಳೆಸಿದವಳಿಗೆ ಏನೂ ನೆಡಲಿಲ್ಲ. ಟೆ ಕುಯಿಟಿಯಲ್ಲೂ ಮೀಡ್ಸ್ ತಿಂಗಳುಗಟ್ಟಲೆ ಕಡಲಾಚೆ ಆಡುವಾಗ ಆ ಕುರಿಗಳನ್ನು ಮನೆಯವರು ನೋಡಿಕೊಂಡೇ ಇದ್ದಿರಬೇಕು.

ಕತ್ತಲಾಗುವ ಹೊತ್ತಿಗೆ ಶಾಲೆಯ ಬಯಲಿಗೆ ಜನ ಸೇರತೊಡಗಿದ್ದರು. ನಾಲ್ಕು ಕಂಬ, ಅವಕ್ಕೆ ಕಣ್ಣು ಕುಕ್ಕುವ ಬಲ್ಬು. ಕೆಮ್ಮಣ್ಣನ್ನು ಜರಡಿ ಹಿಡಿದು ಹರಡಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದಿದ್ದರು. ಈಗ ಎಲ್ಲೆಡೆ ಮ್ಯಾಟು. ಈ ಊರಿನವರು ಬಾಡಿಗೆ ಹೊಂದಿಸಲಾಗದೆ ಮಣ್ಣಿನಲ್ಲೇ ಉಳಿದಿದ್ದಾರೆ. ಅದರ ವಾಸನೆ ನನ್ನನ್ನು ಐವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು. ಗಡಿಯಾಚೆಯಿಂದ ಎರಡು ತಂಡ, ಮುಳಬಾಗಿಲು ಕಡೆಯಿಂದ ಒಂದು, ಉಳಿದವು ಸುತ್ತಲಿನವು.

ಕಾರ್ನರಣ್ಣ ಆಡುವವರೂ ಅಲ್ಲ, ತೀರ್ಪುಗಾರರೂ ಅಲ್ಲ. ಮೈಕು ಅವರದು. ಪಂದ್ಯಕ್ಕೆ ಮುಂಚೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಹಿಡಿದು ತಂಡ ತಂಡಕ್ಕೂ ಹೋದರು. ನಾನೂ ಜೊತೆಗೆ ನಡೆದೆ. ನಂಬರು, ಹುಡುಗನ ಹೆಸರು, ಊರು, ತಂದೆಯ ಹೆಸರು. ಒಬ್ಬೊಬ್ಬರನ್ನೂ ಕೇಳಿ, ತಪ್ಪಿದ್ದರೆ ತಿದ್ದಿ, ಬರೆದುಕೊಂಡರು. ಮುಕ್ಕಾಲು ಗಂಟೆ ಹಿಡಿಯಿತು. ಸಂಘಟಕರಲ್ಲೊಬ್ಬ ಹುಡುಗ ಬಂದು “ಅಣ್ಣಾ, ನಂಬರ್ ಸಾಕಲ್ವಾ, ಟೈಮಾಯ್ತು” ಎಂದ. ಅವರು ತಲೆ ಎತ್ತಲಿಲ್ಲ.

ಗಡಿಯಾಚೆಯ ತಂಡದ ಎಡ ಕಾರ್ನರ್ ಹದಿನೆಂಟರ ಹುಡುಗ. ಸಣಕಲು, ಆದರೆ ಮುಂಗೈ ಮಾತ್ರ ಗಟ್ಟಿ. ಹೆಸರು ಹೇಳಿದ, ಊರು ಹೇಳಿದ. ತಂದೆ ಎಂದಾಗ ಸುಮ್ಮನಾದ.

“ಅಪ್ಪ ಇಲ್ಲಣ್ಣ.”

“ಅಮ್ಮನ ಹೆಸರು ಹೇಳೋ.”

ಹುಡುಗ ಪಕ್ಕದವರ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. ಕಾರ್ನರಣ್ಣ ಬರೆದುಕೊಂಡು, ಅಕ್ಷರ ಸರಿಯಿದೆಯೇ ಎಂದು ಪುಸ್ತಕ ತಿರುಗಿಸಿ ಅವನಿಗೇ ತೋರಿಸಿದರು.

ರಾತ್ರಿ ಹತ್ತಕ್ಕೆ ಶುರುವಾದದ್ದು ಒಂದೂವರೆಗೆ ಸೆಮಿಫೈನಲ್ಲಿಗೆ ಬಂತು. ಇಬ್ಬನಿ ಬಿದ್ದು ಪುಸ್ತಕದ ಹಾಳೆ ಸುಕ್ಕಾಗಿತ್ತು. ಅಷ್ಟು ಹೊತ್ತೂ ಅವರು ಮೈಕಿನಲ್ಲಿ ಒಂದು ಹಿಡಿತವನ್ನೂ ಬಿಟ್ಟಿರಲಿಲ್ಲ: ಹಿಡಿದವನು ಇಂಥವನು, ಸೊಂಟಕ್ಕೆ ಬಿದ್ದವನು ಇಂಥವನು, ಚೈನ್ ಬಿಡದೆ ನಿಂತವನು ಇಂಥವನು. ರೈಡರುಗಳ ಹೆಸರನ್ನು ಜನವೇ ಕೂಗುತ್ತಿದ್ದರು.

ಕೊನೆಯ ಎರಡು ನಿಮಿಷ, ಅಂಕ ಸಮ. ಮುಳಬಾಗಿಲು ಕಡೆಯ ರೈಡರ್, ಆ ರಾತ್ರಿ ಯಾರ ಕೈಗೂ ಸಿಗದವನು, ಎಡಕ್ಕೆ ಸರಿದು ಕಾಲು ಚಾಚಿದ. ಆ ಹುಡುಗನ ಕಣ್ಣು ಅವನ ಸೊಂಟದ ಮೇಲಿತ್ತು. ನಾನು ಅದನ್ನು ನೋಡಿದೆ. ಎರಡು ಅಂಗೈ ಕೂಡಿಕೊಂಡವು, ಕವರ್ ಬಿದ್ದ, ಬಲ ಕಾರ್ನರ್ ಬಂದ, ಕೆಂಪು ಧೂಳಿನೊಳಗೆ ಏಳು ಮೈ ಒಂದಾದವು. ಸೀಟಿ.

ಕಾರ್ನರಣ್ಣ ಒದ್ದೆ ಹಾಳೆಯ ಮೇಲೆ ಬೆರಳಿಟ್ಟು ಸಾಲು ಹುಡುಕಿದರು. ಮೈಕು ಬಾಯಿಗೆ ಹತ್ತಿರ ತಂದರು. ಹುಡುಗನ ಹೆಸರು ಹೇಳಿದರು, ಅವನ ಊರು ಹೇಳಿದರು, ಒಂದು ಗಳಿಗೆ ನಿಂತು, ಬಿಡಿಸಿ ಬಿಡಿಸಿ ಅವನ ತಾಯಿಯ ಹೆಸರು ಹೇಳಿದರು. ಸ್ಪೀಕರು ಕೆರೆಯ ದಿಕ್ಕಿಗೆ ತಿರುಗಿತ್ತು. ಹುಡುಗ ಮೊಣಕೈಯ ಮಣ್ಣು ಒರೆಸಿಕೊಂಡು ಎದ್ದು, ತನ್ನ ಮೂಲೆಗೆ ಹಿಂತಿರುಗಿ, ಪಕ್ಕದವನ ಕಡೆಗೆ ಕೈ ಚಾಚಿದ.